ಮಿಲ್ಲರ್ ಅಕ್ಕ

ಅಕ್ಕನ ತಲೆಯ ಎಡಭಾಗದಲ್ಲಿ, ಕಿವಿಯ ಮೇಲಿನಿಂದ ನೆತ್ತಿಯವರೆಗೆ, ಅಂಗೈ ಅಗಲದ ಜಾಗದಲ್ಲಿ ಕೂದಲಿರಲಿಲ್ಲ. ಅಲ್ಲಿಯ ಚರ್ಮ ನುಣ್ಣಗೆ ಬಿಗಿದುಕೊಂಡು ಮಿರುಗುತ್ತಿತ್ತು. ಉಳಿದ ಕೂದಲು ಮಾತ್ರ ನಲವತ್ತು ದಾಟಿದರೂ ದಟ್ಟವಾಗಿ ಕಪ್ಪಗಿತ್ತು. ಅದನ್ನೆಲ್ಲ ಬಲಕ್ಕೆ ಎಳೆದು ಸಣ್ಣ ಗಂಟು ಹಾಕಿ, ಮೇಲೆ ಹಳೆಯ ಟವೆಲ್ ಸುತ್ತಿರುತ್ತಿದ್ದಳು. ಟವೆಲ್ ಇಲ್ಲದ ತಲೆಯನ್ನು ನಾನು ಮೊದಲು ಕಂಡದ್ದು ಶಂಶಾಬಾದ್ ಹತ್ತಿರದ ಒಂದು ಸೈಟಿನಲ್ಲಿ, ಸ್ಲ್ಯಾಬ್ ಕೆಲಸ ಮುಗಿದ ಸಂಜೆ. ನೀರಿನ ಡ್ರಮ್ಮಿನ ಪಕ್ಕದಲ್ಲಿ ನಿಂತು ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ನಾನು ನೋಡಿದ್ದನ್ನು ಅವಳೂ ನೋಡಿದಳು. ಮುಚ್ಚಿಕೊಳ್ಳಲಿಲ್ಲ. ಮುಖ ತಿರುಗಿಸಿದವನು ನಾನು.

ನನಗಾಗ ಇಪ್ಪತ್ತಮೂರು. ಸೇಡಂ ಕಡೆಯವನು, ಡಿಪ್ಲೊಮಾ ಮುಗಿಸಿ ಹೈದರಾಬಾದಿಗೆ ಬಂದು ಒಬ್ಬ ಕಂತ್ರಾಟುದಾರರ ಹತ್ತಿರ ಸೈಟ್ ಸೂಪರ್‌ವೈಸರ್ ಆಗಿದ್ದೆ. ದಿಲ್‌ಸುಖ್‌ನಗರದಲ್ಲಿ ಕೋಚಿಂಗ್ ಹುಡುಗರು ತುಂಬಿದ್ದ ಒಂದು ಕಟ್ಟಡದ ಮೇಲಿನ ಮಹಡಿಯಲ್ಲಿ ನನ್ನ ಕೋಣೆ. ಎರಡು ಬಸ್ಸು ಬದಲಿಸಿ ಸೈಟಿಗೆ ಹೋಗುತ್ತಿದ್ದೆ. ಸೈಟಿನಲ್ಲಿ ತೆಲುಗು, ಬಸ್ಸಿನಲ್ಲಿ ಹಿಂದಿ, ಕೋಣೆಯಲ್ಲಿ ಮೌನ. ವಾರಕ್ಕೊಮ್ಮೆ ಅವ್ವನಿಗೆ ಫೋನ್ ಮಾಡಿದಾಗ ಮಾತ್ರ ಬಾಯಿಗೆ ಕನ್ನಡ ಬರುತ್ತಿತ್ತು.

ಕಾಂಕ್ರೀಟ್ ಕಲಸುವ ಯಂತ್ರಕ್ಕೆ ಆ ಕಡೆ ಮಿಲ್ಲರ್ ಎನ್ನುತ್ತಾರೆ. ಎರಡಂತಸ್ತಿನ ಮನೆ ಕಟ್ಟುವವರು ಯಾರೂ ಅದನ್ನು ಕೊಳ್ಳುವುದಿಲ್ಲ, ಸ್ಲ್ಯಾಬ್ ಹಾಕುವ ದಿನಕ್ಕೆ ಬಾಡಿಗೆಗೆ ತರಿಸುತ್ತಾರೆ. ನಮ್ಮ ಸೈಟಿಗೆ ಮಿಲ್ಲರ್ ಕಳಿಸುತ್ತಿದ್ದದ್ದು ಅಕ್ಕ. ಕಳಿಸುತ್ತಿದ್ದಳು ಎನ್ನುವುದಕ್ಕಿಂತ ತರುತ್ತಿದ್ದಳು. ಟ್ರ್ಯಾಕ್ಟರಿನ ಹಿಂದೆ ಯಂತ್ರ ಕುಲುಕುತ್ತ ಬಂದರೆ, ಡ್ರೈವರನ ಪಕ್ಕದಲ್ಲಿ ಮಡ್‌ಗಾರ್ಡಿನ ಮೇಲೆ ಅಕ್ಕ ಕೂತಿರುತ್ತಿದ್ದಳು. ಅವಳಿಲ್ಲದೆ ಅವಳ ಯಂತ್ರ ಯಾರ ಸೈಟಿಗೂ ಹೋಗುತ್ತಿರಲಿಲ್ಲ. ಮೂರು ಯಂತ್ರ ಇದ್ದರೂ ಒಂದು ದಿನಕ್ಕೆ ಒಂದೇ ಬಾಡಿಗೆ. ಮುಹೂರ್ತದ ದಿನಗಳಲ್ಲಿ ನಾಲ್ಕು ಕಡೆಯಿಂದ ಕರೆ ಬಂದರೂ ಮೂವರಿಗೆ ಇಲ್ಲವೆನ್ನುತ್ತಿದ್ದಳು. ಉಳಿದ ಎರಡು ಯಾಕೆ ಇಟ್ಟುಕೊಂಡಿದ್ದಾಳೆ ಎಂದು ಜನ ನಗುತ್ತಿದ್ದರು. ಒಂದು ಕೆಟ್ಟರೆ ಇನ್ನೊಂದು ಬೇಕಲ್ಲ ಎನ್ನುತ್ತಿದ್ದಳು.

ಅವಳು ಕನ್ನಡದವಳು ಎಂದು ತಿಳಿದದ್ದು ಒಂದು ಚಳಿಗಾಲದ ಬೆಳಿಗ್ಗೆ. ಇಂಜಿನ್ ಹಿಡಿಯುತ್ತಿರಲಿಲ್ಲ. ಹ್ಯಾಂಡಲ್ ಸಿಕ್ಕಿಸಿ, ಸೊಂಟ ಬಗ್ಗಿಸಿ ತಿರುವುತ್ತ, ಯಂತ್ರಕ್ಕೆ ಮಾತ್ರ ಕೇಳಿಸುವಂತೆ ಹೇಳುತ್ತಿದ್ದಳು: “ಏಳ ನಮ್ಮವ್ವಾ, ಏಳ. ಎಲ್ಲಾರೂ ಎದ್ದಾರ.”

ಯಾವೂರು ಅಕ್ಕಾ ಎಂದು ನಾನು ಕೇಳಿದೆ. ಹ್ಯಾಂಡಲ್ ಬಿಟ್ಟು ನೆಟ್ಟಗೆ ನಿಂತಳು. ಅಲ್ಲಿಯವರೆಗೆ ನನ್ನನ್ನು ‘ಇಂಜಿನೇರ್ ಸಾಬ್’ ಎಂದು ಹಿಂದಿಯಲ್ಲಿ ಕರೆಯುತ್ತಿದ್ದವಳು, ಯಾದಗಿರಿ ಕಡೆ ಎಂದಳು. ಆವತ್ತಿನಿಂದ ನಾನು ‘ತಮ್ಮಾ’ ಆದೆ.

ಯಂತ್ರ ಶುರುವಾಗುವ ಮೊದಲು ಅವಳದೊಂದು ಕೆಲಸವಿತ್ತು. ಚೀಲದಿಂದ ಒಗೆದು ಮಡಚಿದ ಬಟ್ಟೆಯ ತುಂಡುಗಳನ್ನು ತೆಗೆಯುತ್ತಿದ್ದಳು. ಜಲ್ಲಿಯ ಕಡಿ, ಉಸುಕು ತುಂಬಲು ಬಂದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಕರೆದು, ಜಡೆ ಸುತ್ತಿ ಮೇಲಕ್ಕೆ ಕಟ್ಟಿ, ಬಟ್ಟೆ ಬಿಗಿದು, ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಿದ್ದಳು. ತಾವೇ ಕಟ್ಟಿಕೊಂಡು ಬಂದಿದ್ದರೂ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಆ ಹೆಂಗಸರಲ್ಲಿ ಮಹಬೂಬನಗರದವರು, ಒಡಿಶಾದವರು, ನಮ್ಮ ಕಡೆಯವರು ಎಲ್ಲ ಇದ್ದರು. ಮೊದಮೊದಲು ನಗುತ್ತಿದ್ದವರು ಆಮೇಲೆ ಸುಮ್ಮನೆ ತಲೆ ಒಡ್ಡುತ್ತಿದ್ದರು. ಅವಳು ಅವಸರ ಮಾಡುತ್ತಿರಲಿಲ್ಲ. ಕಿವಿಯ ಹಿಂದಿನ ಒಂದೊಂದು ಎಳೆಯನ್ನೂ ಬೆರಳಿನಿಂದ ಹಿಂದಕ್ಕೆ ಸರಿಸುತ್ತಿದ್ದಳು. ಮೇಸ್ತ್ರಿ ಹೊತ್ತಾಯಿತೆಂದು ಕೂಗಿದರೆ, ಹ್ಯಾಂಡಲ್ ತನ್ನ ಹತ್ತಿರವೇ ಇದೆ ಎಂದು ತೋರಿಸುತ್ತಿದ್ದಳು.

ನನಗೂ ಆಗ ಅದು ಹಳೆಗಾಲದವಳ ಹಟದಂತೆ ಕಂಡಿತ್ತು. ಅದಕ್ಕೇ ಆ ತಪ್ಪು ಮಾಡಿದೆ.

ಒಂದು ಮನೆಯ ಮೊದಲ ಮಹಡಿಯ ಸ್ಲ್ಯಾಬ್. ಮಧ್ಯಾಹ್ನದ ಹೊತ್ತಿಗೆ ಅರ್ಧ ಮುಗಿದಿತ್ತು. ಪಡುವಣದಲ್ಲಿ ಮೋಡ ಕಟ್ಟುತ್ತಿತ್ತು. ಡ್ರಮ್ ತಿರುಗಿಸುವ ಹಲ್ಲಿನ ಚಕ್ರಕ್ಕೆ ಅಕ್ಕ ತನ್ನ ಮೂರೂ ಯಂತ್ರಗಳಲ್ಲಿ ದಪ್ಪ ತಗಡಿನ ಮುಚ್ಚಳ ಮಾಡಿಸಿ ಹಾಕಿದ್ದಳು. ಬೇರೆಯವರ ಮಿಲ್ಲರಿನಲ್ಲಿ ಅದು ಇದ್ದರೂ ಎಂದೋ ಕಳಚಿ ಹೋಗಿರುತ್ತದೆ. ಆ ದಿನ ಯಾರದೋ ತಳ್ಳುಗಾಡಿ ತಗುಲಿ ಮುಚ್ಚಳ ಒಳಕ್ಕೆ ತಗ್ಗಿತು. ಚಕ್ರಕ್ಕೆ ಉಜ್ಜಿ ಕಿವಿ ಹರಿಯುವಂತೆ ಸದ್ದಾಗತೊಡಗಿತು. ಅಕ್ಕ ಡೀಸೆಲ್ ತರಲು ರಸ್ತೆಯವರೆಗೆ ಹೋಗಿದ್ದಳು. ತೆಗೆದುಬಿಡಲೇ ಎಂದು ಮೇಸ್ತ್ರಿ ಕೇಳಿದ. ನಾನು ಮೋಡ ನೋಡಿದೆ, ತೆಗಿ ಎಂದೆ. ನಾಲ್ಕು ಬೋಲ್ಟ್. ಎರಡು ನಿಮಿಷದಲ್ಲಿ ಮುಚ್ಚಳ ನೆಲಕ್ಕೆ ಬಿತ್ತು, ಕೆಲಸ ಮತ್ತೆ ಓಡಿತು.

ಅಕ್ಕ ಕ್ಯಾನ್ ಹೊತ್ತು ಬಂದವಳು ದೂರದಿಂದಲೇ ಸದ್ದಿನ ವ್ಯತ್ಯಾಸ ಹಿಡಿದಳು. ಕ್ಯಾನ್ ಅಲ್ಲೇ ಬಿಟ್ಟು ಓಡಿ ಬಂದು ಇಂಜಿನ್ ನಿಲ್ಲಿಸಿದಳು. ಹ್ಯಾಂಡಲನ್ನು ಮಡಿಲಲ್ಲಿಟ್ಟುಕೊಂಡು ಸಿಮೆಂಟ್ ಚೀಲದ ಮೇಲೆ ಕೂತಳು. ಮೇಲೆ ಸ್ಲ್ಯಾಬಿನ ಮೇಲಿದ್ದವರೆಲ್ಲ ಕೈ ಕಟ್ಟಿ ನಿಂತರು. ಮನೆಯ ಮಾಲೀಕ ತೆಲುಗಿನಲ್ಲಿ ಬೈಯತೊಡಗಿದ. ನಾನು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಬೇಡಿಕೊಂಡೆ.

“ಅಕ್ಕಾ, ಮಳಿ ಬಂತು. ಅರ್ಧ ಸ್ಲ್ಯಾಬ್ ಉಳದೈತಿ.”

“ಸ್ಲ್ಯಾಬ್ ಕೆಟ್ರ ಒಡದು ಮತ್ತ ಹಾಕಬೋದು ತಮ್ಮಾ,” ಎಂದಳು.

ಮುಂದಿನದನ್ನು ಹೇಳಲಿಲ್ಲ. ಟವೆಲನ್ನೂ ಮುಟ್ಟಲಿಲ್ಲ. ಆದರೆ ಹಿಂದೊಂದು ಸಂಜೆ ಕಂಡದ್ದು ನನ್ನ ಕಣ್ಣ ಮುಂದೆ ಬಂತು. ಸ್ಪ್ಯಾನರ್ ತಂದೆ. ಅವಳು ತಗಡನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿದಳು, ನಾನು ಬೋಲ್ಟ್ ಬಿಗಿದೆ. ಅರ್ಧ ತಾಸು ಕಾಂಕ್ರೀಟು ತಾಳಿಕೊಳ್ಳುತ್ತದೆ ಎಂಬುದನ್ನು ಕಾಲೇಜಿನಲ್ಲಿ ಓದಿದವನು ನಾನು, ನೆನಪಿಟ್ಟುಕೊಂಡವಳು ಅವಳು. ಇಪ್ಪತ್ತು ನಿಮಿಷದಲ್ಲಿ ಕೆಲಸ ಮತ್ತೆ ಶುರುವಾಯಿತು. ಆದರೂ ಕೊನೆಯ ಮೂಲೆ ಉಳಿದಿರುವಾಗ ಮಳೆ ಬಂದೇಬಿಟ್ಟಿತು. ತಾಡಪಾಲು ಹೊದಿಸಿದೆವು. ಆ ಮೂಲೆಯಲ್ಲಿ ಮೇಲ್ಮೈ ಕಿತ್ತುಹೋಯಿತು.

ಮಾಲೀಕ ನಮ್ಮ ಕಂತ್ರಾಟುದಾರರಿಗೆ ದೂರು ಕೊಟ್ಟ. ಮರುದಿನ ನನ್ನನ್ನೂ ಅಕ್ಕನನ್ನೂ ಕರೆಸಿದರು. ಯಂತ್ರ ಯಾಕೆ ನಿಂತಿತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ, ತಾನೇ ನಿಲ್ಲಿಸಿದೆ, ತನ್ನ ಯಂತ್ರ ಎಂದಳು. ಮುಚ್ಚಳ ತೆಗೆಸಿದ್ದು ಯಾರು ಎನ್ನುವ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವರು ಅವಳಿಗೆ ಇನ್ನು ಬರಬೇಡ ಎಂದರು. ನನ್ನ ನೌಕರಿ ಉಳಿಯಿತು. ಮೆಟ್ಟಿಲು ಇಳಿದು ಹೋಗುವಾಗ ಅವಳು ತಿರುಗಿ ನೋಡಲಿಲ್ಲ. ನೋಡಿದ್ದರೆ ನಾನು ಏನು ಮಾಡುತ್ತಿದ್ದೆನೋ ತಿಳಿಯದು.

ಎರಡು ವಾರ ತಡೆದುಕೊಂಡು ಒಂದು ಭಾನುವಾರ ಅವಳ ಜಾಗ ಹುಡುಕಿಕೊಂಡು ಹೋದೆ. ಹೆದ್ದಾರಿಯಿಂದ ಒಳಗೆ, ಯಾರದೋ ಖಾಲಿ ಪ್ಲಾಟು. ತಗಡಿನ ಶೆಡ್ಡು, ಒಂದು ಬೇವಿನ ಗಿಡ, ಬಾಯಿ ಮೇಲೆ ಮಾಡಿ ನಿಂತ ಮೂರು ಮಿಲ್ಲರು. ತಲೆಯ ಮೇಲೆ ಸಾಲಾಗಿ ವಿಮಾನಗಳು ಇಳಿಯುತ್ತಿದ್ದವು. ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ತಪ್ಪಾಯಿತು ಎಂದು ನಾನು ಹೇಳಬೇಕೆಂದುಕೊಂಡ ಮಾತೆಲ್ಲ ಶುರುವಾಗುವ ಮೊದಲೇ, ಪುಂಡಿಪಲ್ಯ ತಿಂತೀಯೇನು ಎಂದು ಕೇಳಿದಳು. ತಿಂದ ಮೇಲೆ ಹೇಳಿದೆ. ಅವಳು ಬಹಳ ಹೊತ್ತು ಡ್ರಮ್ಮಿನೊಳಗಿನ ಒಣ ಸಿಮೆಂಟನ್ನು ಉಳಿಯಿಂದ ಕೆರೆಯುತ್ತಿದ್ದು, ಕೊನೆಗೆ ಹೇಳಿದಳು: “ನಿನಗ ನೌಕರಿ ಹೋದ್ರ ಊರಿಗೆ ಹೋಗಬೇಕು. ನನಗ ಹೋಗಾಕ ಎಲ್ಲೈತಿ? ಇದಲ್ಲಂದ್ರ ಇನ್ನೊಂದು ಸೈಟು.”

ಅದಾದ ಮೇಲೆ ಭಾನುವಾರಗಳು ಅಲ್ಲೇ ಕಳೆದವು. ಅವಳು ಹೆಚ್ಚು ಮಾತಿನವಳಲ್ಲ. ನನ್ನಿಂದ ಮಾತಾಡಿಸುತ್ತಿದ್ದಳು. ಏನು ಹೇಳಲಿ ಎಂದರೆ, ಏನಾದರೂ ಹೇಳು, ನಮ್ಮ ಮಾತು ಕೇಳಿ ಭಾಳ ದಿನ ಆಗೈತಿ ಎನ್ನುತ್ತಿದ್ದಳು. ನಮ್ಮ ಓಣಿಯ ಜಗಳ, ನಮ್ಮವ್ವನ ಮೊಣಕಾಲು ನೋವು, ಊರ ಕೆರೆಗೆ ನೀರು ಬಂದದ್ದು. ಅವಳು ಯಂತ್ರಕ್ಕೆ ಗ್ರೀಸು ಹಚ್ಚುತ್ತ ಕೇಳುತ್ತಿದ್ದಳು. ನಡುವೆ ಯಾವುದೋ ಶಬ್ದಕ್ಕೆ ಕೈ ನಿಲ್ಲಿಸಿ, ಹೌದಲ್ಲ, ಇದಕ್ಕ ಹಂಗ ಅಂತಿದ್ರು ಎಂದು ಅದನ್ನೇ ಎರಡು ಸಲ ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದಳು.

ಅವಳ ಕತೆ ನನಗೆ ಒಂದೇ ದಿನ ಸಿಗಲಿಲ್ಲ. ಇಪ್ಪತ್ತು ವರ್ಷದವಳಿದ್ದಾಗ ಗಂಡನ ಜೊತೆ ದುಡಿಯಲು ಈ ಊರಿಗೆ ಬಂದಿದ್ದಳು. ಎರಡು ವರ್ಷದ ಮಗಳು ಊರಲ್ಲಿ ಅತ್ತೆಯ ಹತ್ತಿರ. ಒಂದು ದಿನ ಮಿಲ್ಲರಿನ ಹತ್ತಿರ ಬಗ್ಗಿ ಚೆಲ್ಲಿದ ಕಡಿ ತುಂಬುವಾಗ ಜಡೆ ಹಲ್ಲಿನ ಚಕ್ರಕ್ಕೆ ಸಿಕ್ಕಿತು. ಇಂಜಿನ್ ನಿಲ್ಲಿಸುವಷ್ಟರಲ್ಲಿ ಆಗುವುದು ಆಗಿತ್ತು. ತೊಡೆಯ ಚರ್ಮ ತೆಗೆದು ತಲೆಗೆ ಹಾಕಿದರು. ಮೂರು ತಿಂಗಳು ಆಸ್ಪತ್ರೆ. ಗಂಡ ಮೊದಲ ತಿಂಗಳು ಬರುತ್ತಿದ್ದ.

ಊರಿಗೆ ಹೋದಾಗ ಮಗಳು ಅವಳನ್ನು ನೋಡಿ ಕಿರುಚಿ ಅಜ್ಜಿಯ ಸೀರೆಯೊಳಗೆ ಹೊಕ್ಕಳು. ಎರಡು ದಿನ ಹತ್ತಿರ ಬರಲಿಲ್ಲ. ಆಗ ಅತ್ತೆ, ಕೂಸು ಅಂಜುತ್ತದೆ, ಕೂದಲು ಬೆಳೆದ ಮೇಲೆ ಬಾ ಎಂದಳಂತೆ.

“ಕೂದ್ಲ ಬೆಳಿಯಂಗಿಲ್ಲಂತ ಅಕಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು,” ಎಂದು ಅಕ್ಕ ಹೇಳಿದಳು. “ಆದ್ರೂ ಹೂಂ ಅಂದು ಬಂದೆ.”

ಬಂದವಳು ಅದೇ ಸೈಟಿನಲ್ಲಿ ಕಾವಲಿಗೆ ನಿಂತಳು. ಅಷ್ಟರಲ್ಲಿ ಗಂಡ ಇನ್ನೊಂದು ಮದುವೆಯಾದ ಸುದ್ದಿ ಬಂತು. ಅಲ್ಲಿಯ ಕಂತ್ರಾಟುದಾರ ಕೆಲಸ ನಿಲ್ಲಿಸಿ ತನ್ನ ಊರಿಗೆ ಹೋಗುವಾಗ ಅದೇ ಹಳೆಯ ಮಿಲ್ಲರನ್ನು, ಒಯ್ಯುವ ತೊಂದರೆ ಬೇಡವೆಂದು, ಅವಳಿಗೇ ಬಿಟ್ಟುಹೋದ. ಆ ಯಂತ್ರದ ಹತ್ತಿರ ಒಂದು ವರ್ಷ ಹೋಗಲಿಲ್ಲವಂತೆ. ಆಮೇಲೆ ಒಬ್ಬ ಮುದುಕ ಮೆಕ್ಯಾನಿಕ್ಕನ ಹತ್ತಿರ ಕೂತು ಇಂಜಿನ್ ಬಿಚ್ಚುವುದು, ಜೋಡಿಸುವುದು ಕಲಿತಳು. ಮೊದಲು ಮಾಡಿಸಿದ್ದು ಚಕ್ರದ ಮುಚ್ಚಳ. ಅದನ್ನೇ ಬಾಡಿಗೆಗೆ ಬಿಟ್ಟು ಬದುಕಿದಳು. ಬೇವಿನ ಗಿಡದ ಕೆಳಗೆ ನಿಂತಿದ್ದು ಅದೇ ಯಂತ್ರ. ಅದನ್ನು ಕಂಡರೆ ಸಿಟ್ಟು ಬರುವುದಿಲ್ಲವೇ ಎಂದು ಕೇಳಿದ್ದೆ. ಅದಕ್ಕೇನು ಗೊತ್ತು, ತಿರುವಿದರೆ ತಿರುಗುತ್ತದೆ ಎಂದಳು.

ಪರಿಚಯವಾಗಿ ಮೂರ್ನಾಲ್ಕು ವರ್ಷವಾಗಿದ್ದಾಗ ಒಂದು ಭಾನುವಾರ, ಸಿಮೆಂಟ್ ಚೀಲದ ಕಾಗದದ ಚೂರೊಂದನ್ನು ನನ್ನ ಕೈಗೆ ಕೊಟ್ಟಳು. ಒಂದು ಫೋನ್ ನಂಬರ್ ಇತ್ತು. ಅವಳ ಊರಿನ ಮೇಸ್ತ್ರಿಯೊಬ್ಬ ಕೊಟ್ಟದ್ದು, ಮಗಳದು. ಮಗಳಿಗೆ ಮದುವೆಯಾಗಿತ್ತು, ಅದೂ ಆ ಮೇಸ್ತ್ರಿಯಿಂದಲೇ ತಿಳಿದದ್ದು. ಎರಡು ಸಲ ತಾನೇ ಫೋನ್ ಮಾಡಿದ್ದಳಂತೆ. ಆ ಕಡೆ ಹಲೋ ಎಂದ ಕೂಡಲೇ ಕಟ್ ಮಾಡಿದ್ದಳು. ನೀ ಮಾತಾಡು ಎಂದಳು. ಏನಂತ ಎಂದೆ. ನಿಮ್ಮವ್ವ ಇದ್ದಾಳ ಅಂತ ಅನ್ನು ಎಂದಳು.

ನನ್ನ ಫೋನಿನಿಂದಲೇ ಮಾಡಿದೆ. ಅಕ್ಕ ಪಕ್ಕದಲ್ಲಿ ಕೂತು ಮೊಣಕಾಲಿನ ಮೇಲೆ ಕೈ ಊರಿ ನೆಲ ನೋಡುತ್ತಿದ್ದಳು. ಎಳೆಯ ದನಿಯೊಂದು ಯಾರು ಎಂದು ಕೇಳಿತು. ನಾನು ಹೈದರಾಬಾದಿನಿಂದ ಮಾತಾಡುತ್ತಿದ್ದೇನೆ, ನಿಮ್ಮ ತಾಯಿಯ ಬಗ್ಗೆ ಎಂದೆ.

“ರಾಂಗ್ ನಂಬರ್ ರೀ,” ಎಂದಳು ಅವಳು. “ನಮ್ಮವ್ವ ಇಲ್ಲೇ ರೊಟ್ಟಿ ಬಡಿಯಾಕತ್ತಾಳ.”

ಫೋನ್ ಕಿವಿಯಿಂದ ತೆಗೆದೆ. ಎತ್ತಲಿಲ್ಲ ಅಕ್ಕಾ, ಆಮೇಲೆ ನೋಡೋಣ ಎಂದೆ. ಇಂಜಿನ್ನಿನ ಸದ್ದಿಗೆ ಅವಳ ಕಿವಿ ಮಂದವಾಗಿತ್ತು ಎಂದು ನಂಬಿ ಆ ಸುಳ್ಳು ಹೇಳಿದ್ದೆ. ಅವಳು ಎದ್ದು, ಒಗೆದು ಹಾಕಿದ್ದ ಬಟ್ಟೆ ತುಂಡುಗಳನ್ನು ಹಗ್ಗದಿಂದ ಒಂದೊಂದಾಗಿ ತೆಗೆದು ಮಡಚಿದಳು. ಎಲ್ಲ ಮಡಚಿದ ಮೇಲೆ ಹೇಳಿದಳು: “ದನಿ ಕೇಳಿಸ್ತು ಬಿಡು ತಮ್ಮಾ. ಚೊಲೋ ಐತಿ ದನಿ.”

ಮತ್ತೆಂದೂ ಆ ನಂಬರಿನ ಮಾತು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.

ನಂತರ ನನಗೆ ಬೇರೆ ಕಡೆ ಕೆಲಸ ಸಿಕ್ಕಿತು. ಎತ್ತರದ ಕಟ್ಟಡಗಳು. ಅಲ್ಲಿಗೆ ಕಾಂಕ್ರೀಟು ಕಾರ್ಖಾನೆಯಲ್ಲೇ ಕಲಸಿ ದೊಡ್ಡ ಲಾರಿಗಳಲ್ಲಿ ಬರುತ್ತದೆ, ಪೈಪಿನಲ್ಲಿ ಮೇಲೇರುತ್ತದೆ. ಶಂಶಾಬಾದ್ ಕಡೆಯ ಸಣ್ಣ ಮನೆಗಳಿಗೂ ಆ ಲಾರಿಗಳು ಬರತೊಡಗಿದವು. ಅಕ್ಕನಿಗೆ ಕರೆಗಳು ಕಡಿಮೆಯಾದವು. ಎರಡು ಯಂತ್ರ ಗುಜರಿಗೆ ಹೋದವು. ಉಳಿಸಿಕೊಂಡದ್ದು ಹಳೆಯದನ್ನೇ. ಬಾಡಿಗೆ ಇಲ್ಲದ ದಿನವೂ ಬೆಳಿಗ್ಗೆ ಒಮ್ಮೆ ಇಂಜಿನ್ ಹಚ್ಚಿ, ಖಾಲಿ ಡ್ರಮ್ ಒಂದು ಗಳಿಗೆ ತಿರುಗಿಸಿ ನಿಲ್ಲಿಸುತ್ತಿದ್ದಳು ಎಂದು ಎದುರಿನ ಚಹಾದಂಗಡಿಯ ಹೆಂಗಸು ಹೇಳುತ್ತಿದ್ದಳು. ನನ್ನ ಭಾನುವಾರಗಳು ತಿಂಗಳಿಗೊಂದಾದವು, ಆಮೇಲೆ ಹಬ್ಬಕ್ಕೊಂದು. ಮದುವೆಯಾಗಿತ್ತು, ಮನೆ ಆ ತುದಿಗೆ ಬದಲಾಗಿತ್ತು. ಕಾರಣಗಳು ಬೇಕಾದಷ್ಟಿದ್ದವು. ಹೋದಾಗ ಯಾಕೆ ಬರಲಿಲ್ಲ ಎಂದು ಅವಳು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ಹೆಚ್ಚು ಸಲ ಹೋಗುತ್ತಿದ್ದೆನೇನೋ.

ಕಳೆದ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಅವಳ ಫೋನ್ ಬಂತು. ನಾನು ಮೀಟಿಂಗಿನಲ್ಲಿದ್ದೆ, ಎತ್ತಲಿಲ್ಲ. ಸಂಜೆ ಮಾಡಿದರಾಯಿತು ಎಂದುಕೊಂಡೆ. ಸಂಜೆ ಮರೆತೆ. ಮೂರನೆಯ ದಿನ ಚಹಾದಂಗಡಿಯ ಹೆಂಗಸು ಫೋನ್ ಮಾಡಿದಳು. ಅಕ್ಕನಿಗೆ ಎದೆನೋವು, ಆಸ್ಪತ್ರೆಗೆ ಸೇರಿಸಿದ್ದೇವೆ ಎಂದಳು. ನಾನು ತಲುಪುವಷ್ಟರಲ್ಲಿ ಹೋಗಿಬಿಟ್ಟಿದ್ದಳು. ಟವೆಲ್ ತೆಗೆದು ಪಕ್ಕಕ್ಕಿಟ್ಟಿದ್ದರು. ಅದನ್ನು ನಾನು ಮತ್ತೆ ತಲೆಗೆ ಸುತ್ತಿದೆ, ಸರಿಯಾಗಿ ಬರಲಿಲ್ಲ. ನರ್ಸು ಬಂದು ಸರಿಪಡಿಸಿದಳು. ಮಣ್ಣು ಮಾಡುವಾಗ ಇದ್ದವರು ಟ್ರ್ಯಾಕ್ಟರ್ ಡ್ರೈವರ್, ಚಹಾದಂಗಡಿಯವಳು ಮತ್ತವಳ ಗಂಡ, ಕೂಲಿಯ ನಾಲ್ಕೈದು ಹೆಂಗಸರು, ನಾನು.

ಮನೆಗೆ ಬಂದು ಹಳೆಯ ಕರೆಗಳ ಪಟ್ಟಿ ಹುಡುಕಿದೆ. ನನ್ನ ನಂಬರ್ ಹಳೆಯದೇ ಇದ್ದರೂ ಫೋನ್ ಬದಲಾಗಿತ್ತು, ಮಗಳ ನಂಬರ್ ಇರಲಿಲ್ಲ. ಮರುದಿನ ಶೆಡ್ಡಿಗೆ ಹೋಗಿ ನೋಡಿದರೆ ಕಾಗದದ ಚೂರು ದೇವರ ಪಟದ ಹಿಂದೆ ಇತ್ತು. ಫೋನ್ ಮಾಡಿದೆ. ಹೆಸರು ಹೇಳುವ ಮೊದಲೇ ಆ ಕಡೆಯವಳು ಹೇಳ್ರೀ ಎಂದಳು. ಹೇಳಿದೆ. ಯಾವ ಬಸ್ಸು ಹತ್ತಬೇಕು ಎಂದು ಕೇಳಿದಳು.

ಒಬ್ಬಳೇ ಬಂದಳು. ಮೂವತ್ತರ ಆಚೆಯ ಹೆಂಗಸು. ಶೆಡ್ಡಿನೊಳಗೆ ನಿಂತು ಒಲೆ, ರೊಟ್ಟಿ ಹಿಟ್ಟು ನಾದುವ ಕೊಣಮಿಗೆ, ಗ್ರೀಸಿನ ಡಬ್ಬಿ ಎಲ್ಲವನ್ನೂ ಮುಟ್ಟದೆ ನೋಡಿದಳು. ಹೊರಗೆ ಬಂದು ಕೇಳಿದಳು: “ಆವತ್ತು ನೀವು ಫೋನ್ ಮಾಡಿದಾಗ ಅಕಿ ಬಾಜೂಕ ಇದ್ದಳೇನ್ರಿ?”

ಇದ್ದಳು ಎಂದೆ.

“ನನ್ನ ಮುಂದ ಆ ಅವ್ವ ಕುಂತಿದ್ಲು. ಅಪ್ಪ ಎರಡನೇದು ಮಾಡ್ಕೊಂಡಾಕಿ, ನನ್ನ ಸಾಕಿದಾಕಿ. ಏನಂತ ಅನ್ಲಿ? ನಿಮ್ಮ ನಂಬರ್ ಇಟ್ಕೊಂಡಿದ್ದೆ. ಮಾಡಾಕ ಧೈರ್ಯ ಬರಲಿಲ್ಲ.”

ಫೋಟೋ ಇದ್ದರೆ ಕೊಡಿ ಎಂದಳು. ಫೋನ್ ತೆಗೆದು ಹುಡುಕತೊಡಗಿದೆ. ಹುಡುಕುತ್ತ ಹೋದಂತೆ ನಾಚಿಕೆಯಾಯಿತು. ಸ್ಲ್ಯಾಬು, ಕಂಬ, ಸಲಾಕೆ, ಅಡಿಪಾಯ, ಸಾವಿರಗಟ್ಟಲೆ. ಒಂಬತ್ತು ವರ್ಷದಿಂದ ಬಲ್ಲ ಅಕ್ಕನದು ಒಂದೂ ಇಲ್ಲ. ಕೊನೆಗೆ ಒಂದು ಸಿಕ್ಕಿತು. ಯಾವುದೋ ಕಂಬದ ಬಿರುಕು ತೋರಿಸಲು ತೆಗೆದದ್ದು. ಅದರ ಅಂಚಿನಲ್ಲಿ ಹ್ಯಾಂಡಲ್ ಮೇಲೆ ಬಗ್ಗಿದ್ದ ಅಕ್ಕನ ಬೆನ್ನು ಬಂದಿತ್ತು. ಮಗಳು ಎರಡು ಬೆರಳಿಂದ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದಳು.

“ಮಾರಿ ಕಾಣಂಗಿಲ್ಲರಿ,” ಎಂದಳು. ಫೋನ್ ನನ್ನ ಕೈಗೆ ಕೊಟ್ಟು, “ಹೆಂಗಿದ್ಲು, ಹೇಳ್ರಿ.”

ಬೇವಿನ ಗಿಡದ ಕೆಳಗೆ ಕೂತು ಹೇಳಿದೆ. ತೋಚಿದಲ್ಲಿಂದ ಶುರು ಮಾಡಿದೆ, ಮುಂದಿನದು ಹಿಂದಾಯಿತು, ಹಿಂದಿನದು ಮುಂದಾಯಿತು. ಮುಚ್ಚಳದ ವಿಷಯ ಹೇಳಿದೆ, ಆ ದಿನ ನಾನು ಬಾಯಿ ಬಿಡದಿದ್ದುದನ್ನೂ ಹೇಳಿದೆ. ಅದನ್ನು ಬೇರೆ ಯಾರಿಗೂ ಹೇಳಿರಲಿಲ್ಲ. ಬಸ್ಸಿನ ಹೊತ್ತಾಯಿತು. ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯ ಪಕ್ಕ ಕೂತ ಮೇಲೆ ನನ್ನನ್ನು ಕರೆದು ಕೇಳಿದಳು: “ಅಣ್ಣಾರ, ಹೇಳೂದು ಇನ್ನೂ ಐತೇನ್ರಿ?”

ಐತಿ ಎಂದೆ.

“ಹಂಗಾದ್ರ ಮತ್ತ ಬರ್ತೀನ್ರಿ,” ಎಂದಳು.

ಇನ್ನೂ ಬಂದಿಲ್ಲ. ಬರುವಷ್ಟರಲ್ಲಿ ನಾನು ಮರೆಯಬಾರದೆಂದು ನೆನಪಿದ್ದಷ್ಟನ್ನು ಬರೆದಿಟ್ಟಿದ್ದೇನೆ.